ಬೈಸಿಕೊಳ್ಳುವ ಹುಲಿಗೆಪ್ಪನಿಗೆ ಐದಕ್ಕೆ ಎರಡು

ದೇವದುರ್ಗದಿಂದ ಹೊರಟ ಹುಲಿಗೆಪ್ಪನ ಬೈಕು ಹಳ್ಳದದೊಡ್ಡಿಯ ಬೇವಿನ ಮರ ಮುಟ್ಟುವ ಮೊದಲೇ ಬೈಗುಳ ಶುರುವಾಗುತ್ತದೆ. ಬೈಕಿನ ಸೈಲೆನ್ಸರ್ ಒಡೆದು ಬಹಳ ದಿನವಾಗಿದೆ. ಬರುತ್ತಿರುವವನು ಯಾರೆಂದು ಕೆಲವೇ ಮನೆಗಳ ಆ ದೊಡ್ಡಿಗೆ ದೂರದಿಂದಲೇ ಗೊತ್ತಾಗುತ್ತದೆ. ಬೈಯಲು ತಯಾರಾಗುವಷ್ಟು ಹೊತ್ತೂ ಸಿಗುತ್ತದೆ.

“ಬಂದ್ಯಾ ದರಬೇಸಿ? ನಿನ್ನೆ ಬರ್ತೀನಂದಿದ್ದಿ. ಆಡು ಮೇಯಾಕ ಬಿಡಲಾರ್ದ ಕಟ್ಟಿಕೊಂಡು ಕುಂತೀವಿ. ಮೇವಿಲ್ಲಂತ ನನ್ನ ಸೆರಗ ತಿಂದ್ವು. ನೀ ಕೊಡಸ್ತಿ ಏನು ಸೀರಿ?”

ಇದು ಬಸ್ಸಮ್ಮ. ಅರವತ್ತರ ಆಸುಪಾಸಿನ ಹೆಂಗಸು, ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಾಳೆ, ಮನೆಯಲ್ಲಿ ಆಡು ಸಾಕಿದ್ದಾಳೆ. ದೊಡ್ಡಿಯ ಹೆಂಗಸರ ಗುಂಪಿಗೆ ಹೆಸರಿಗೆ ಬೇರೆ ಯಾರೋ ಅಧ್ಯಕ್ಷರಿದ್ದಾರೆ. ಮಾತಾಡುವ ಕೆಲಸ ಬಸ್ಸಮ್ಮನದು.

“ನಿನ್ನೆ ಐಸ್ ಸಿಗಲಿಲ್ಲ ಬೇ. ಔಷಧಿ ತಂಪನ್ಯಾಗ ತರಬೇಕು.”

“ನಿನ್ನ ತಲಿ ಯಾವಾಗ್ಲೂ ತಣ್ಣಗ ಇರ್ತದಲ್ಲ, ಅದರ ಮ್ಯಾಲ ಇಟ್ಕೊಂಡು ಬರಬೇಕಿಲ್ಲ?”

ಹುಲಿಗೆಪ್ಪ ಬೈಕು ನಿಲ್ಲಿಸಿ, ಹಿಂದೆ ಹಗ್ಗದಿಂದ ಕಟ್ಟಿದ ತಂಪಿನ ಡಬ್ಬಿ ಬಿಚ್ಚುತ್ತಾನೆ. ಬೈಗುಳ ನಡೆದೇ ಇರುತ್ತದೆ. ಹೆಂಗಸರು ಒಂದೊಂದೇ ಆಡು ಹಿಡಿದು ತರುತ್ತಾರೆ. ತರಬೇತಿ ಪಡೆದ ಇಬ್ಬರು ಸೂಜಿ ಹಾಕುತ್ತಾರೆ. ಆಡು ಕೂಗುತ್ತದೆ, ಬಸ್ಸಮ್ಮ ಕೂಗುತ್ತಾಳೆ, ಕೆಲಸ ಮುಗಿಯುತ್ತದೆ. ಹೊರಡುವಾಗ ಯಾರೋ ಒಬ್ಬರು ಎರಡು ರೊಟ್ಟಿ, ಒಂದಿಷ್ಟು ಶೇಂಗಾಹಿಂಡಿ ಚಟ್ನಿ ಕಟ್ಟಿ ಡಬ್ಬಿಯ ಮೇಲೆ ಇಟ್ಟಿರುತ್ತಾರೆ. ಇಟ್ಟವರು ಯಾರೆಂದು ಹೇಳುವುದಿಲ್ಲ. ಹೇಳಿದರೆ ಬೈಗುಳದ ಗುಣಮಟ್ಟ ಕಡಿಮೆಯಾದೀತು.

ಹುಲಿಗೆಪ್ಪ ಈ ಕೆಲಸಕ್ಕೆ ಬಂದದ್ದೂ ಬೈಸಿಕೊಂಡೇ. ಅದಕ್ಕೂ ಮೊದಲು ಅವನು ಆಟೋಕ್ಕೆ ಮೈಕು ಕಟ್ಟಿಕೊಂಡು ದೇವದುರ್ಗ ತಾಲ್ಲೂಕು ಸುತ್ತುತ್ತಿದ್ದ. ಬಿತ್ತನೆ ಬೀಜ, ಸರ್ಕಸ್ಸು, ಸೀರೆಗಳ ರಿಯಾಯಿತಿ ಮಾರಾಟ, ಎಲ್ಲಕ್ಕೂ ಅವನದೇ ಗಂಟಲು. ಚುನಾವಣೆ ಬಂದರೆ ಬೆಳಿಗ್ಗೆ ಒಂದು ಪಕ್ಷ, ಮಧ್ಯಾಹ್ನ ಇನ್ನೊಂದು. ಎರಡೂ ಪಕ್ಷದವರು ಅವನನ್ನು ನಂಬುತ್ತಿದ್ದರು.

ಆ ಕಾಲಕ್ಕೆ ರಾಯಚೂರಿನಲ್ಲಿ ಕುಬ್ರಾ ಬೇಗಂ ಎಂಬ ಹೆಡ್‌ಮಿಸ್ಟ್ರೆಸ್ ನಿವೃತ್ತರಾಗಿ ‘ಕೂಡುನಡೆ’ ಎಂಬ ಸಂಸ್ಥೆ ಕಟ್ಟಿದ್ದರು. ಮುಂಗಾರಿನ ಎಳೆ ಹುಲ್ಲು ಮೇದ ಆಡುಗಳು ಕರುಳುಬೇನೆಯಿಂದ ರಾತ್ರೋರಾತ್ರಿ ಸಾಯುತ್ತವೆ. ಮಳೆಗೆ ಮೊದಲೇ ಸೂಜಿ ಹಾಕಿಸಿದರೆ ಉಳಿಯುತ್ತವೆ. ಕೂಲಿಯ ಹೆಂಗಸರಿಗೆ ಆಡೇ ಆಸ್ತಿ, ಆದ್ದರಿಂದ ಅದನ್ನು ಉಳಿಸುವ ಕೆಲಸವನ್ನು ಹೆಂಗಸರಿಗೇ ಕಲಿಸಬೇಕು. ಇಷ್ಟೇ ಸಂಸ್ಥೆಯ ಉದ್ದೇಶ. ಮೊದಲ ಶಿಬಿರದ ಸುದ್ದಿ ಸಾರಲು ಅವರು ಹುಲಿಗೆಪ್ಪನನ್ನು ಒಂದು ದಿನದ ಮಟ್ಟಿಗೆ ಗೊತ್ತು ಮಾಡಿಕೊಂಡರು.

ಅವನು ಸೀರೆ ಮಾರಾಟದ ಧಾಟಿಯಲ್ಲೇ ಸಾರಿದ. “ಇಂದೇ ಕೊನೆಯ ದಿನ! ಬಂದವರಿಗೆ ಮಾತ್ರ! ಮುಗಿದ ಮೇಲೆ ಕೇಳಬೇಡಿ!” ತಾಲ್ಲೂಕಿನ ಅರ್ಧ ಆಡು ಬಂದು ನಿಂತವು. ಔಷಧಿ ಇದ್ದದ್ದು ಎರಡು ದೊಡ್ಡಿಗೆ ಆಗುವಷ್ಟು. ರಾಯಚೂರಿನಿಂದ ಬಂದ ಮೇಡಂಗೆ ಯಾರೂ ಒಂದು ಮಾತೂ ಅನ್ನಲಿಲ್ಲ, ಅವರು ಪರವೂರಿನವರು. ಎಲ್ಲರೂ ಆಟೋ ಸುತ್ತುಗಟ್ಟಿ ಹುಲಿಗೆಪ್ಪನನ್ನು ಹಿಡಿದರು. ಮುಂದಿನ ವಾರ ಔಷಧಿ ತರುತ್ತೇನೆಂದು ಅವನು ಮೈಕಿನಲ್ಲೇ ಮಾತು ಕೊಡಬೇಕಾಯಿತು. ಮಾತು ಉಳಿಸಿಕೊಳ್ಳಲು ಬಂದ. ಬಂದವನಿಗೆ ಇನ್ನೊಂದು ದೊಡ್ಡಿಯವರು ಗಂಟುಬಿದ್ದರು. ಹಾಗೆ ನೌಕರಿ ಆಯಿತು. ಈಗ ಅವನು ದೇವದುರ್ಗ ಕೇಂದ್ರದ ಸಂಯೋಜಕ. ಕೇಂದ್ರ ಎಂದರೆ ಬಾಡಿಗೆಯ ಒಂದು ಕೋಣೆ, ಒಂದು ಫ್ರಿಜ್ಜು, ಹುಲಿಗೆಪ್ಪ.

ಸಂಸ್ಥೆಗೆ ಮಾನ್ವಿಯಲ್ಲೂ ಒಂದು ಕೇಂದ್ರವಿದೆ. ಅಲ್ಲಿನ ಸಂಯೋಜಕ ಅಂಬರೀಶ ವಯಸ್ಸಿನಲ್ಲಿ ಚಿಕ್ಕವನು, ಇಸ್ತ್ರಿ ಮಾಡಿದ ಅಂಗಿಯವನು. ಅವನ ಫೋಟೋಗಳಲ್ಲಿ ಆಡುಗಳೂ ಕ್ಯಾಮೆರಾ ಕಡೆ ನೋಡುತ್ತಿರುತ್ತವೆ. ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗುತ್ತಾನೆ. ಹುಲಿಗೆಪ್ಪ ಹೇಳಿದ ದಿನದ ಹತ್ತಿರ ಹತ್ತಿರ ಹೋಗುತ್ತಾನೆ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಹೈದರಾಬಾದಿನಿಂದ ಒಂದು ಸುದ್ದಿ ಬಂತು. ಸಂಸ್ಥೆಗೆ ನೆರವು ಕೊಡುತ್ತಿದ್ದ ದತ್ತಿಯವರು, ಇನ್ನು ಮುಂದೆ ಎರಡು ಕೇಂದ್ರಗಳನ್ನು ನಡೆಸುವುದು ಕಷ್ಟ, ಚೆನ್ನಾಗಿ ನಡೆಯುತ್ತಿರುವುದು ಯಾವುದೆಂದು ನೋಡಿ ಅದನ್ನು ಬೆಳೆಸೋಣ ಎಂದರು. ಜೊತೆಗೆ ಮೂರು ವರ್ಷದ ಕಾರ್ಯತಂತ್ರವೂ ಬೇಕು ಎಂದರು. ಅದನ್ನು ಮಾಡಿಕೊಡಲು ಉಮಾಶ್ರೀಯನ್ನು ಕಳಿಸಿದರು.

ಉಮಾಶ್ರೀ ರಾಯಚೂರಿನವಳೇ, ಅಕ್ಕಿ ಗಿರಣಿಯವರ ಮಗಳು. ಹೈದರಾಬಾದಿನಲ್ಲಿ ಓದಿ, ಸೇವಾ ಸಂಸ್ಥೆಗಳ ಕೆಲಸವನ್ನು ಅಳೆದು ಸುಧಾರಿಸುವುದನ್ನೇ ವೃತ್ತಿ ಮಾಡಿಕೊಂಡವಳು. ಗತ್ತಿನವಳಲ್ಲ. ಕೇಳಿದ್ದಕ್ಕೆ ಉತ್ತರ ಬರುವವರೆಗೂ ಕಾಯುವ ಅಭ್ಯಾಸ ಅವಳದು. ಹುಲಿಗೆಪ್ಪನಿಗೆ ಇದು ಬಹಳ ತೊಂದರೆ ಕೊಟ್ಟಿತು.

ರಾಯಚೂರಿನ ಕಚೇರಿಯಲ್ಲಿ ಎಲ್ಲರನ್ನೂ ಕೂರಿಸಿ, ಬಣ್ಣದ ಚೀಟಿ ಕೊಟ್ಟು, ಮೂರು ವರ್ಷದಲ್ಲಿ ಏನು ಬದಲಾಗಬೇಕು ಎಂದು ಬರೆಯಲು ಹೇಳಿದಳು. ಅಂಬರೀಶ ‘ಸುಸ್ಥಿರ ಜೀವನೋಪಾಯ’ ಎಂದು ಬರೆದ. ಹುಲಿಗೆಪ್ಪ ಬಹಳ ಹೊತ್ತು ಯೋಚಿಸಿ ‘ಸೈಲೆನ್ಸರ್’ ಎಂದು ಬರೆದ. ಎರಡೂ ಚೀಟಿ ಗೋಡೆಗೆ ಅಂಟಿದವು.

“ಹುಲಿಗೆಪ್ಪಣ್ಣ, ಸೂಜಿ ಹಾಕೋದು ನಮ್ಮ ಕೆಲಸ. ಅದರ ಫಲ ಏನು?” ಎಂದು ಉಮಾಶ್ರೀ ಕೇಳಿದಳು.

“ಆಡು ಬದುಕ್ತಾವ್ರೀ ಮೇಡಂ.”

“ಬದುಕಿ?”

“ಬದುಕಿ…” ಹುಲಿಗೆಪ್ಪ ಕುಬ್ರಾ ಬೇಗಂ ಕಡೆ ನೋಡಿದ. “ಬಕ್ರೀದ್ ಬರ್ತದ್ರೀ.”

ಕುಬ್ರಾ ಬೇಗಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗುವಾಗ ಅವರು ಹಾಗೇ ಮಾಡುತ್ತಾರೆ. “ಸಚ್ ಹೇಳ್ಯಾನ ನೋಡಮ್ಮಾ,” ಎಂದರು.

“ಅಂದ್ರ ಆಡಿನ ಕಡಿಂದ ನೋಡಿದ್ರ ಭಾಳ ಫಲ ಏನಿಲ್ರೀ,” ಹುಲಿಗೆಪ್ಪ ಸಮಜಾಯಿಷಿ ಕೊಟ್ಟ. “ಸಾಕಿದ ಹೆಣ್ಮಗಳ ಕಡಿಂದ ನೋಡಬೇಕು.”

ಉಮಾಶ್ರೀ ನಗಲಿಲ್ಲ. ಆ ಮಾತನ್ನು ಬೋರ್ಡಿನ ಮೇಲೆ ಬರೆದಳು. ಸರಿ, ಹಾಗಾದರೆ ಸಾಕಿದವರನ್ನೇ ಕೇಳೋಣ ಎಂದು ತೀರ್ಮಾನವಾಯಿತು. ಸಂಸ್ಥೆಯ ಕೆಲಸ ಹೇಗಿದೆ? ಬಹಳ ಚೆನ್ನಾಗಿದ್ದರೆ ಐದು ಅಂಕ, ಏನೂ ಚೆನ್ನಾಗಿಲ್ಲದಿದ್ದರೆ ಒಂದು. ಎರಡೂ ತಾಲ್ಲೂಕಿನ ಹಳ್ಳಿಗಳಿಗೆ ಹೊರಗಿನ ಹೆಣ್ಣುಮಕ್ಕಳನ್ನು ಕಳಿಸಿ ಮನೆ ಮನೆ ಕೇಳಿಸಿದರು. ಪಕ್ಷಪಾತ ಆಗಬಾರದೆಂದು ಸಂಯೋಜಕರು ಆ ಕಡೆ ತಲೆ ಹಾಕಬಾರದೆಂಬ ನಿಯಮವೂ ಇತ್ತು.

ಫಲಿತಾಂಶ ಬಂದಾಗ ಮಾನ್ವಿಗೆ ಐದಕ್ಕೆ ಐದು. ದೇವದುರ್ಗಕ್ಕೆ ಎರಡು. ಅದೂ ಎಳೆದಾಡಿ ಎರಡು.

ದೇವದುರ್ಗದ ಉತ್ತರಗಳಲ್ಲಿ ಅಂಕಕ್ಕಿಂತ ಮಾತೇ ಹೆಚ್ಚಿತ್ತು. ಹೇಳಿದ ದಿನ ಬರುವುದಿಲ್ಲ. ಬೈಕಿನ ಸಪ್ಪಳಕ್ಕೆ ಕೋಳಿ ಮೊಟ್ಟೆ ಇಡುವುದು ಬಿಟ್ಟಿದೆ. ಹೋತಕ್ಕೆ ಸೂಜಿ ಹಾಕುವಾಗ ಗಟ್ಟಿ ಹಿಡಿಯುವುದಿಲ್ಲ, ತಾನೇ ಅಂಜುತ್ತಾನೆ. ಒಬ್ಬಾಕೆ ಮೀಸೆ ಬಗ್ಗೆಯೂ ಹೇಳಿದ್ದಳು. ಮಾನ್ವಿಯ ಉತ್ತರಗಳಲ್ಲಿ ‘ಎಲ್ಲಾ ಚಲೋ ಅದ’ ಎಂಬುದನ್ನು ಬಿಟ್ಟರೆ ಏನೂ ಇರಲಿಲ್ಲ.

ಗೋಡೆಯ ಮೇಲೆ ಮಾನ್ವಿ ಹಸಿರಾಯಿತು, ದೇವದುರ್ಗ ಕೆಂಪಾಯಿತು. ಅಂಬರೀಶನೇ ಎಲ್ಲರಿಗಿಂತ ಹೆಚ್ಚು ಬೆರಗಾದ. ಹೊರಗೆ ಮಂಡಕ್ಕಿ ಒಗ್ಗರಣೆ ತಿನ್ನುತ್ತ, “ಅಣ್ಣಾ, ನನಗ ಸಾಲ್ಯಾಗೂ ಐದಕ್ಕ ಐದು ಬಂದಿಲ್ಲ. ಏನೋ ತಪ್ಪಾಗ್ಯದ,” ಎಂದ. ಹುಲಿಗೆಪ್ಪ, “ನನಗ ಸಾಲ್ಯಾಗೂ ಎರಡ ಬರ್ತಿತ್ತು ತಮ್ಮಾ, ನನ್ನ ಕಡಿ ಏನೂ ತಪ್ಪಿಲ್ಲ,” ಎಂದ. ಪಕ್ಕದಲ್ಲಿದ್ದ ಮಿರ್ಚಿ ಬಜ್ಜಿಯನ್ನು ಮಾತ್ರ ಅವನು ಮುಟ್ಟಲಿಲ್ಲ.

ಕುಬ್ರಾ ಬೇಗಂ ಅವನನ್ನು ಒಳಗೆ ಕರೆದು ಇದ್ದದ್ದನ್ನು ಹೇಳಿದರು. ಹೀಗೇ ಆದರೆ ದೇವದುರ್ಗದ ಕೋಣೆ ಖಾಲಿ ಮಾಡಬೇಕು. ಆ ದೊಡ್ಡಿಗಳಿಗೆ ಮಾನ್ವಿಯಿಂದಲೇ ವರ್ಷಕ್ಕೊಮ್ಮೆ ಅಂಬರೀಶ ಹೋಗಿಬರುತ್ತಾನೆ. ಹುಲಿಗೆಪ್ಪನಿಗೆ ರಾಯಚೂರಿನ ಕಚೇರಿಯಲ್ಲಿ ಕೆಲಸ.

“ನೌಕರಿ ಹೋಗಲ್ಲ ಬೇಟಾ, ಹೆದರಬ್ಯಾಡ. ಕುರ್ಚಿ ಅದ, ಫ್ಯಾನ್ ಅದ.”

“ಕುರ್ಚಿ ಮ್ಯಾಲ ಕುಂತು ಏನ್ ಮಾಡ್ಲ್ರೀ ಮೇಡಂ?”

“ಅದನ್ನೂ ಉಮಾಶ್ರೀ ಹೇಳ್ತಾಳ.”

ವರ್ಷಕ್ಕೊಮ್ಮೆ ಹೋದರೆ ಏನಾಗುತ್ತದೆ ಎಂಬುದು ಹುಲಿಗೆಪ್ಪನಿಗೆ ಗೊತ್ತಿತ್ತು. ಆಮೇಲೆ ಹುಟ್ಟಿದ ಮರಿಗಳು ಮಳೆಗಾಲ ದಾಟುವುದಿಲ್ಲ. ಬಸ್ಸಮ್ಮನ ಕೊಟ್ಟಿಗೆ ಖಾಲಿಯಾಗುತ್ತದೆ. ತಾನು ರಾಯಚೂರಿನಲ್ಲಿ ಫ್ಯಾನಿನ ಕೆಳಗೆ ಕುಳಿತಿರುತ್ತೇನೆ, ಅಲ್ಲಿ ಬೈಯುವವರೂ ಇರುವುದಿಲ್ಲ. ಉಳಿದಿದ್ದ ದಾರಿ ಒಂದೇ. ವರದಿ ಬರೆಯುವ ಮೊದಲು ಉಮಾಶ್ರೀ ತಾನೇ ಎರಡೂ ಕಡೆ ಹೋಗಿ ನೋಡುವವಳಿದ್ದಳು. ಅಷ್ಟರೊಳಗೆ ಹಳ್ಳದದೊಡ್ಡಿಯ ಬಾಯಿ ತಿದ್ದಬೇಕು.

ಮಾರನೆಯ ದಿನ ಡಬ್ಬಿ ಇಲ್ಲದೆ ಬಂದ ಹುಲಿಗೆಪ್ಪನನ್ನು ನೋಡಿ ಬಸ್ಸಮ್ಮನಿಗೆ ಆಗಲೇ ಅನುಮಾನ.

“ಯವ್ವಾ, ರಾಯಚೂರಿನಿಂದ ಉಮಾಶ್ರೀ ಮೇಡಂ ಬರಾಕತ್ತ್ಯಾರ. ನನ್ನ ಬಗ್ಗಿ ನಾಕ ಚಲೋ ಮಾತ ಹೇಳ್ರಿ.”

“ಯಾಕ? ಏನಾತು ನಿನಗ?”

“ಏನೂ ಆಗಿಲ್ಲ ಬೇ.”

“ಡಾಕ್ಟ್ರು ಏನಂದ್ರು? ಸಿಗರೇಟ್ ಬಿಡಂತ ಬಡಕೊಂಡೆ.”

“ಆರಾಮ ಇದ್ದೀನಿ. ಸುಮ್ನ ಚಲೋ ಮಾತ ಹೇಳ್ರಿ ಅಂದ್ರ ಹೇಳ್ರಿ. ಒಮ್ಮಿ ಹೇಳಿ ತೋರಸ್ರಿ ನೋಡೋಣ.”

ಬಸ್ಸಮ್ಮ ಸೆರಗು ಸರಿಮಾಡಿಕೊಂಡು, ದೂರ ಎಲ್ಲೋ ನೋಡುತ್ತ, ಮೆಲ್ಲನೆ ಹೇಳಿದಳು. “ಹುಲಿಗೆಪ್ಪ ಚಲೋ ಮನುಷ್ಯ ಇದ್ದ.”

“ಇದ್ದ ಅಲ್ಲ ಬೇ, ಇನ್ನೂ ಇದ್ದೀನಿ.”

“ಎದುರಿಗೆ ಇದ್ದವನ್ನ ಚಲೋ ಅನ್ನಾಕ ಬಾಯಿ ಬರವಲ್ದೋ. ನೀ ಆ ಕಡಿ ತಿರುಗು.”

ಅವನು ತಿರುಗಿ ನಿಂತ. ಹಿಂದಿನಿಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹೊಗಳಿದರು. ಸಣ್ಣ ಮನುಷ್ಯನಾದರೂ ದೊಡ್ಡ ಗುಣ. ಯಾರಿಗೂ ಎದುರು ಮಾತಾಡಿದವನಲ್ಲ. ಕಡೆಗೆ ಒಬ್ಬಾಕೆಗೆ ನಿಜವಾಗಿಯೂ ಅಳು ಬಂತು. ಹುಲಿಗೆಪ್ಪ ಈ ಕಡೆ ತಿರುಗಿದ. ಚೆನ್ನಾಗಿ ಆಯಿತು, ಹೀಗೇ ಹೇಳಿ ಎಂದು ಬೈಕು ಹತ್ತಿದ.

ಆ ಕಡೆಯ ಹಳ್ಳಿಗಳಲ್ಲಿ ಮನುಷ್ಯನನ್ನು ಹೀಗೆ ಹೊಗಳುವ ಸಂದರ್ಭಗಳು ಬಹಳ ಇಲ್ಲ. ಮಾಸ್ತರರಿಗೆ ವರ್ಗವಾದಾಗ, ಮಗಳನ್ನು ಗಂಡನ ಮನೆಗೆ ಕಳಿಸುವಾಗ, ಹೆಣ ಎತ್ತುವಾಗ. ಹುಲಿಗೆಪ್ಪ ಗಂಡಸು, ಉಸಿರಾಡುತ್ತಿದ್ದ. ಹಾಗಾಗಿ ಬೈಕಿನ ಸಪ್ಪಳ ಅಡಗುವಷ್ಟರಲ್ಲಿ ಹಳ್ಳದದೊಡ್ಡಿ ತೀರ್ಮಾನಕ್ಕೆ ಬಂದಿತ್ತು. ಇವನಿಗೆ ವರ್ಗವಾಗಿದೆ. ಹೇಳಲು ನಾಚಿಕೊಂಡು ಸುತ್ತಿ ಬಳಸಿ ಮಾತಾಡಿ ಹೋದ. ಮೇಡಂ ಬರುವುದು ಅವನನ್ನು ಕರೆದುಕೊಂಡು ಹೋಗಲು.

ಸುದ್ದಿ ಸಂಜೆಯೊಳಗೆ ಪಕ್ಕದ ದೊಡ್ಡಿಗಳಿಗೂ ಹೋಯಿತು. ಅದನ್ನು ಸಾರಲು ಮೈಕು ಬೇಕಾಗಲಿಲ್ಲ.

ಉಮಾಶ್ರೀ ಮೊದಲು ಹೋದದ್ದು ಮಾನ್ವಿ ಕಡೆಗೆ. ನೀರಮಾನ್ವಿ ದಾಟಿ, ಕಾಲುವೆ ಪಕ್ಕ ಸ್ವಲ್ಪ ದೂರ ಹೋದರೆ ಒಂದು ಹಳ್ಳಿ. ಸುತ್ತ ಭತ್ತದ ಗದ್ದೆ. ಐದಕ್ಕೆ ಐದು ಕೊಟ್ಟ ಊರುಗಳಲ್ಲಿ ಅದೂ ಒಂದು. ಯಶಸ್ಸಿನ ಕಥೆ ಬರೆದುಕೊಳ್ಳಲು ಅವಳು ಹೊಸ ಪೆನ್ನು ತಂದಿದ್ದಳು. ಜೊತೆಗೆ ಅಂಬರೀಶ ಇದ್ದ.

ನೂರ್ ಬೀ ಎಂಬಾಕೆಯ ಮನೆಯಲ್ಲಿ ಹೆಂಗಸರು ಸೇರಿದ್ದರು. ನೂರ್ ಬೀ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಹೋಗುವವಳು, ಅಂಗಳದಲ್ಲಿ ನಾಲ್ಕೈದು ಆಡು. ಬಂದವರಿಗೆ ಕುರ್ಚಿ ಹಾಕಿಸಿ, ಕುರ್ಚಿಯ ಮೇಲೆ ಟವೆಲು ಹಾಸಿ, ಚಹಾ, ಬಿಸ್ಕೀಟು, ಮತ್ತೆ ಚಹಾ ತಂದಳು. ಉಮಾಶ್ರೀ ಬಾಯಿ ತೆರೆಯುವ ಮೊದಲೇ ಎಲ್ಲರೂ, “ಐದು ರೀ, ಐದು,” ಎಂದರು.

“ಏನು ಚಲೋ ಅನ್ನಿಸ್ತು?”

“ಎಲ್ಲಾ ಚಲೋ ಅದರಿ.”

“ಈ ಸಲ ಆಡಿಗೆ ಸೂಜಿ ಹಾಕಿದ್ದು ಯಾರು?”

“ಇಲ್ಲ ರೀ, ಸೂಜಿ ಇನ್ನೂ ಹಾಕಿಲ್ಲ.”

“ಹೋದ ಸಲ?”

“ಹೋದ ಸಲಾನೂ ಇಲ್ರೀ.”

ಅಂಬರೀಶ ಕೆಮ್ಮಿದ. “ಮೇಡಂ, ಈ ಊರು ನಾವು ಇನ್ನೂ ಶುರು ಮಾಡಿಲ್ಲ. ಮಳಿಗೆ ಮುಂಚೆ ಮಾಡೋದದ ಅಂತ ಪಟ್ಟಿಯೊಳಗ ಬರೆದು ಕಳಿಸಿದ್ದೆ. ಕೇಳಾಕ ಬಂದವರು ಇದಕ್ಕೂ ಬಂದು ಹೋಗ್ಯಾರ.”

ಉಮಾಶ್ರೀ ಪೆನ್ನು ಮುಚ್ಚಿದಳು. “ಹಂಗಾದ್ರ ಐದು ಯಾತಕ್ಕ ಕೊಟ್ರಿ?”

ನೂರ್ ಬೀ ಆಶ್ಚರ್ಯದಿಂದ ನೋಡಿದಳು. ಇಷ್ಟು ಓದಿದ ಹುಡುಗಿಗೆ ಮನೆಯಲ್ಲಿ ಇದನ್ನು ಹೇಳಿಕೊಟ್ಟಿಲ್ಲವೇ ಎಂಬ ಹಾಗಿತ್ತು ಆ ನೋಟ.

“ಅಲ್ಲಮ್ಮಾ, ಬಿಸಿಲಾಗ ಬೆವತುಕೊಂಡು ಪಾಪ ಆ ಹುಡುಗಿ ಮನಿ ಬಾಗಿಲಿಗೆ ಬಂದ್ಲು. ಎಷ್ಟು ಕೊಡ್ತೀರಿ ಅಂದ್ಲು. ಒಂದು, ಎರಡು ಅಂದು ಕಳಸೋಕಾಗ್ತದೇನು? ಇದ್ದಿದ್ದೇ ಐದಂತ, ಎಲ್ಲಾ ಕೊಟ್ಟೀವಿ. ಹತ್ತಿದ್ರ ಹತ್ತು ಕೊಡ್ತಿದ್ವಿ. ಇನ್ನೊಂದ ಸ್ವಲ್ಪ ಚಾ ತಗೋರಿ.”

ಅಲ್ಲಿಂದ ಉಮಾಶ್ರೀ ದೇವದುರ್ಗದ ಹಾದಿ ಹಿಡಿದಳು. ಕವಿತಾಳದಲ್ಲಿ ಗಾಡಿ ನಿಲ್ಲಿಸಿ ಅಂಬರೀಶ ಚಹಾ ಬೇಕೇ ಎಂದು ಕೇಳಿದ. ಬೇಡ ಎಂದಳು.

ಹಳ್ಳದದೊಡ್ಡಿಯ ಬೇವಿನ ಮರದ ಕೆಳಗೆ ಜಮಖಾನೆ ಹಾಸಿತ್ತು. ಸಾಲಾಗಿ ಕುರ್ಚಿ. ಮಧ್ಯದ ಕುರ್ಚಿಯಲ್ಲಿ ಹುಲಿಗೆಪ್ಪ, ಕೊರಳಲ್ಲಿ ಚೆಂಡುಹೂವಿನ ಹಾರ, ಹೆಗಲ ಮೇಲೆ ಶಾಲು, ಕೈಯಲ್ಲಿ ತೆಂಗಿನಕಾಯಿ. ಸೂರ್ಯನ ಶಾಖಕ್ಕೆ ಬೆವರು ಹರಿಯುತ್ತಿತ್ತು. ಮೇಡಂಗಾಗಿ ಇಷ್ಟೆಲ್ಲ ಮಾಡಿದ್ದಾರೆ ಎಂದುಕೊಂಡು ಬಂದವನನ್ನು ಹಿಡಿದು ಕೂರಿಸಿಬಿಟ್ಟಿದ್ದರು. ಪಕ್ಕದ ದೊಡ್ಡಿಗಳವರೂ ಬಂದಿದ್ದರು. ಆಡುಗಳೂ ಬಂದಿದ್ದವು. ಒಂದು ಮರಿ ಹಾರದ ತುದಿಯಿಂದ ಹೂವು ಕೀಳುತ್ತಿತ್ತು.

ಉಮಾಶ್ರೀಯನ್ನು ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂರಿಸಿದರು. ಬಸ್ಸಮ್ಮ ಎದ್ದು ನಿಂತಳು. ಕಲಿತ ಮಾತಿನಿಂದಲೇ ಶುರು ಮಾಡಿದಳು.

“ಹುಲಿಗೆಪ್ಪ ಚಲೋ ಮನುಷ್ಯ. ಸಣ್ಣ ಮನುಷ್ಯ, ದೊಡ್ಡ ಗುಣ. ಯಾರಿಗೂ ಎದುರು ಮಾತಾಡಿದವನಲ್ಲ.” ಇಲ್ಲಿಗೆ ನಿಂತಿತು. ಅವಳು ಉಮಾಶ್ರೀ ಕಡೆ ತಿರುಗಿದಳು. “ಎದುರು ಮಾತಾಡಾಕ ಇವಗ ಬಾಯಿ ಎಲ್ಲದ ರೀ? ಮೊದಲ್ನೇ ದಿನ ಮೈಕಿನ್ಯಾಗ ಒದರಿ ಊರ ಆಡೆಲ್ಲಾ ಕರಸಿ, ಔಷಧಿ ಇಲ್ಲಂತ ನಿಂತ ಮೂಳ ಇವ! ಅವತ್ತ ಬೈದ್ವಿ, ಮರುವಾರ ತಂದ. ಮತ್ತ ತಡಾ ಮಾಡಿದ, ಮತ್ತ ಬೈದ್ವಿ, ಮತ್ತ ತಂದ. ಬೈದ್ರ ಬರ್ತಾನ. ನಮ್ಮ ಕೊಟ್ಟಿಗ್ಯಾಗ ಎರಡು ಮಳಿಗಾಲದಿಂದ ಒಂದ ಮರಿ ಕರುಳುಬ್ಯಾನಿಗೆ ಹೋಗಿಲ್ಲ. ಈಗ ಇವನ್ನ ವರ್ಗಾ ಮಾಡಿ ಯಾರನ್ನ ಕಳಸ್ತೀರಿ? ಆ ಇಸ್ತ್ರಿ ಅಂಗಿ ಸಾಹೇಬ್ರನ್ನೇನು? ಅವರಿಗೆ ಬೈಯಾಕ ನಮಗ ಬಾಯಿ ಹೆಂಗ ಬರಬೇಕು?”

ಅಂಬರೀಶ ತನ್ನ ಅಂಗಿ ನೋಡಿಕೊಂಡ.

“ಅವ್ವಾರೆ, ಇವರಿಗೆ ವರ್ಗ ಆಗ್ಯದ ಅಂತ ಯಾರು ಹೇಳಿದ್ರು?” ಎಂದಳು ಉಮಾಶ್ರೀ.

ದೊಡ್ಡಿ ಪೂರ್ತಿ ಹುಲಿಗೆಪ್ಪನ ಕಡೆ ತಿರುಗಿತು.

“ವರ್ಗ ಆಗಿಲ್ಲೇನು?” ಬಸ್ಸಮ್ಮನ ದನಿ ತಗ್ಗಿತು. ಅದು ಒಳ್ಳೆಯ ಲಕ್ಷಣವಲ್ಲ ಎಂಬುದು ಹುಲಿಗೆಪ್ಪನಿಗೆ ಗೊತ್ತಿತ್ತು.

“ಇನ್ನೂ ಆಗಿಲ್ಲ ಬೇ.”

“ಮತ್ತ ಚಲೋ ಮಾತ ಯಾಕ ಹೇಳಸಿದಿ?”

“ನೀವು ಎರಡ ಅಂಕ ಕೊಟ್ರಲ್ಲ. ಅದಕ್ಕ ಕೇಂದ್ರ ಮುಚ್ಚತಾರಂತ. ಅದಕ್ಕ…”

“ಶಾಲು ಇತ್ಲಾಗ ಕೊಡು,” ಎಂದಳು ಬಸ್ಸಮ್ಮ.

ಶಾಲು ಹೋಯಿತು. ತೆಂಗಿನಕಾಯಿ ಹೋಯಿತು. ಹಾರ ಮರಿಯ ಪಾಲಾಗಿತ್ತು. ಆಮೇಲೆ ಆದ ಬೈಗುಳವನ್ನು ಉಮಾಶ್ರೀ ಬರೆದುಕೊಳ್ಳಲು ಯತ್ನಿಸಿದಳು. ಪೂರ್ತಿ ಆಗಲಿಲ್ಲ. ಅದು ತಣ್ಣಗಾದ ಮೇಲೆ ಬಸ್ಸಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು, ಇಷ್ಟು ಬೇಕಾದವನಿಗೆ ಎರಡೇ ಯಾಕೆ ಕೊಟ್ಟಿರಿ ಎಂದು ಕೇಳಿದಳು.

“ಐದು ಕೊಟ್ರ ಸೊಕ್ಕ ಬರ್ತದವ್ವಾ. ನಾಳಿಂದ ಬರಂಗಿಲ್ಲ. ಮನಿ ಮಕ್ಕಳನ್ನ ಯಾರರ ಹೊಗಳ್ತಾರೇನು?”

ರಾಯಚೂರಿನ ಸಭೆಯಲ್ಲಿ ಉಮಾಶ್ರೀ ಗೋಡೆಯ ಹಸಿರನ್ನೂ ಕೆಂಪನ್ನೂ ಕಿತ್ತು ತೆಗೆದಳು. ಅತಿಥಿಯನ್ನು ಕಳಿಸಿ ಮನೆಯವರ ಮಾತು ಕೇಳಿಸಲು ಹೋದದ್ದು ತನ್ನದೇ ತಪ್ಪು ಎಂದಳು. ಮಾನ್ವಿ ಕಡೆ ಜನ ಸಂಸ್ಥೆಯನ್ನು ಇನ್ನೂ ನೆಂಟರೆಂದುಕೊಂಡಿದ್ದಾರೆ, ಅದಕ್ಕೇ ಐದು. ದೇವದುರ್ಗದ ಕಡೆ ತಮ್ಮದೆಂದುಕೊಂಡಿದ್ದಾರೆ, ಅದಕ್ಕೇ ಎರಡು. ಆದರೆ ಆ ಎರಡರ ಹಿಂದಿನ ದೂರುಗಳೆಲ್ಲ ನಿಜ, ಅವನ್ನು ಸರಿ ಮಾಡಲೇಬೇಕು ಎಂದು ಹುಲಿಗೆಪ್ಪನ ಕಡೆ ನೋಡಿದಳು. ಇನ್ನು ಮೇಲೆ ಅಂಕ ಕೇಳುವುದು ಬೇಡ. ಜನ ಏನೆಂದು ದೂರಿದರು, ಅದನ್ನು ನಾವು ಸರಿ ಮಾಡಿದೆವೋ ಇಲ್ಲವೋ, ಮಳೆಗಾಲದಲ್ಲಿ ಮರಿ ಉಳಿದವೋ ಇಲ್ಲವೋ, ಇಷ್ಟನ್ನು ನೋಡೋಣ.

ಹೈದರಾಬಾದಿನವರು ಒಪ್ಪಿದರು. ಒಂದು ವರ್ಷ ಎರಡೂ ಕೇಂದ್ರ ನಡೆಯಲಿ ಎಂದರು. ಕುಬ್ರಾ ಬೇಗಂ ಅದಕ್ಕೆ ತಮ್ಮದೊಂದು ಕರಾರು ಸೇರಿಸಿದರು. ವಾರದಲ್ಲಿ ಎರಡು ದಿನ ಅಂಬರೀಶ ದೇವದುರ್ಗಕ್ಕೆ ಹೋಗಿ ಹೇಳಿದ ಹೊತ್ತಿಗೆ ಹೋಗುವುದನ್ನು ಅಲ್ಲಿ ರೂಢಿ ಮಾಡಬೇಕು. ಆ ಎರಡು ದಿನ ಹುಲಿಗೆಪ್ಪ ಮಾನ್ವಿಗೆ ಹೋಗಬೇಕು.

“ನಾ ಅಲ್ಲಿ ಏನ್ ಮಾಡ್ಲ್ರೀ?”

“ಬೈಸಿಕೊಂಡು ಬಾ,” ಎಂದರು ಕುಬ್ರಾ ಬೇಗಂ.

ಮೊದಲು ಸರಿಯಾದದ್ದು ಸೈಲೆನ್ಸರ್. ಕೋಳಿ ಮೊಟ್ಟೆ ಇಡತೊಡಗಿತು. ಸಪ್ಪಳವಿಲ್ಲದೆ ಕಳ್ಳನ ಹಾಗೆ ಬರುತ್ತಾನೆ, ಮುಖ ತೊಳೆಯುವುದಕ್ಕೂ ಪುರುಸೊತ್ತು ಕೊಡುವುದಿಲ್ಲ ಎಂದು ಹಳ್ಳದದೊಡ್ಡಿಯಿಂದ ಹೊಸ ದೂರು ಬಂತು.

ಅಂಬರೀಶನದು ಬೇರೆ ಕಷ್ಟ. ದೂರು ಬಂದರೆ ಕೆಲಸ ನಡೆದಿದೆ ಎಂದರ್ಥ ಎಂದು ತಿಳಿದುಕೊಂಡ ಅವನು ದೊಡ್ಡಿಗೆ ಹೋದವನೇ, “ಏನರ ಬೈಯೋದಿದ್ರ ಬೈರಿ,” ಎಂದು ಕೇಳತೊಡಗಿದ. ಹೆಂಗಸರು ಮುಖ ಮುಖ ನೋಡಿಕೊಂಡರು. ಬಸ್ಸಮ್ಮ, “ನಿಮಗ್ಯಾಕ ಬೈಯೋಣ ರೀ ಸಾಹೇಬ್ರ, ಪಾಪ,” ಎಂದು ಕುರ್ಚಿ ಹಾಕಿಸಿದಳು. ಸಂಜೆ ಅವನು ಹುಲಿಗೆಪ್ಪನಿಗೆ ಫೋನು ಮಾಡಿದ. “ಅಣ್ಣಾ, ಇವತ್ತೂ ಚಾ ಕೊಟ್ರು.” ದನಿಯಲ್ಲಿ ಸೋಲು ಇತ್ತು. ಇಸ್ತ್ರಿ ಇಲ್ಲದ ಅಂಗಿ ಹಾಕಿಕೊಂಡು ಹೋಗು ಎಂದು ಹುಲಿಗೆಪ್ಪ ಹೇಳಿಕೊಟ್ಟ. ಅದಕ್ಕೆ ಬಸ್ಸಮ್ಮ, “ಹೆಂಡ್ತಿ ತವರಿಗೆ ಹೋಗ್ಯಾಳೇನು?” ಎಂದು ಕನಿಕರಪಟ್ಟಳಂತೆ.

ಮಾನ್ವಿಯಲ್ಲಿ ಹುಲಿಗೆಪ್ಪನ ಸ್ಥಿತಿ ಅದಕ್ಕಿಂತ ಕೆಟ್ಟಿತ್ತು. ನೂರ್ ಬೀ ಟವೆಲು ಹಾಸಿದ ಕುರ್ಚಿ ಕೊಡುತ್ತಿದ್ದಳು. ಬಿಸ್ಕೀಟು ಬರುತ್ತಿತ್ತು. “ಹುಲಿಗೆಪ್ಪ ಸಾಹೇಬ್ರ” ಎನ್ನುತ್ತಿದ್ದರು. ಮಳೆಗೆ ಮುಂಚಿನ ಸೂಜಿ ಹಾಕಿ ಮುಗಿಸಿದಾಗಲೂ ಎಲ್ಲ ಚಲೋ ಅದ ಎಂದರು. ಒಂದು ಆಡಿಗೆ ಸೂಜಿ ಹಾಕಿದ ಜಾಗ ಬಾತುಕೊಂಡಿತ್ತು. ಅದರ ಒಡತಿ, ಬಾವು ಕೂಡ ಚಲೋ ಅದ ಎನ್ನುವ ಧಾಟಿಯಲ್ಲಿ ಮಾತಾಡಿದಳು. ಹುಲಿಗೆಪ್ಪ ಆ ಆಡಿಗಾಗಿ ಮಾರನೆಯ ದಿನವೂ ಬಂದ, ಅದರ ಮಾರನೆಯ ದಿನವೂ ಬಂದ. ಆಮೇಲೆ ವಾರ ವಾರ ಬಂದ. ಹೊಸದಾಗಿ ಹುಟ್ಟಿದ ಮರಿಗಳನ್ನು ನೋಡಿದ, ಜಂತಿನ ಔಷಧಿ ಕುಡಿಸಿದ, ಹೋತ ಹಿಡಿಯುವಾಗ ಅಂಜಿ ಬಿದ್ದ. ಅವನು ಬಿದ್ದ ದಿನ ಹೆಂಗಸರು ಮೊದಲ ಸಲ ಬಾಯಿಗೆ ಸೆರಗು ಇಟ್ಟುಕೊಳ್ಳದೆ ನಕ್ಕರು.

ಶ್ರಾವಣ ಹತ್ತಿರ ಬಂದಾಗ ಒಂದು ಮಂಗಳವಾರ ಜೋರು ಮಳೆ ಹಿಡಿಯಿತು. ಮರಿಗಳಿಗೆ ಎರಡನೇ ಸಲ ಸೂಜಿ ಹಾಕುವ ದಿನ ಅದು. ಕರೆಂಟು ಹೋಗಿ ಮಾನ್ವಿಯಲ್ಲಿ ಐಸ್ ಸಿಗಲಿಲ್ಲ, ಹುಲಿಗೆಪ್ಪನಿಗೆ ಹೋಗಲಾಗಲಿಲ್ಲ. ಬುಧವಾರ ಡಬ್ಬಿ ಕಟ್ಟಿಕೊಂಡು ಹೊರಟ. ಹಳ್ಳಿಗೆ ತಿರುಗುವಲ್ಲಿ ಕಾಲುವೆಗೆ ಒಂದು ಸಣ್ಣ ಸೇತುವೆ. ಅದರ ಮೇಲೆ ನೂರ್ ಬೀ ಕೊಡೆ ಹಿಡಿದು ನಿಂತಿದ್ದಳು. ಗಿರಣಿಯ ಕೆಲಸ ಬಿಟ್ಟು ನಿಂತಿದ್ದಳು ಎಂಬುದು ಮುಖದಲ್ಲೇ ಕಾಣುತ್ತಿತ್ತು.

“ಏ ಹುಲಿಗೆಪ್ಪಾ! ನಿನ್ನೆ ಎಲ್ಲಿ ಸತ್ತಿದ್ದಿ? ಪಗಾರ ಬಿಟ್ಟು ಮನ್ಯಾಗ ಮರಿ ಹಿಡ್ಕೊಂಡು ಕುಂತೀನಿ ನಾನು. ಬರಂಗಿಲ್ಲಂತ ಒಂದ ಫೋನ್ ಮಾಡಾಕ ಕೈಗೇನು ಲಕ್ವಾ ಹೊಡದಿತ್ತೇನು? ಯಾವ ಸೀಮಿ ಮನುಷ್ಯನೋ ನೀನು!”

ಹುಲಿಗೆಪ್ಪ ಬೈಕು ನಿಲ್ಲಿಸಿದ. ಮಳೆಯಲ್ಲೇ ಜೇಬಿನಿಂದ ಫೋನು ತೆಗೆದ.

“ಮೇಡಂ,” ಎಂದ, ರಾಯಚೂರಿನಲ್ಲಿದ್ದ ಕುಬ್ರಾ ಬೇಗಂಗೆ.

“ಏನು ಗಲಾಟಿ ಅದು ಬೇಟಾ?”

“ಮಾನ್ವ್ಯಾಗ ಕೆಲಸ ಶುರು ಆತ್ರಿ. ಕೇಳ್ರಿ,” ಎಂದು ಫೋನನ್ನು ನೂರ್ ಬೀ ಕಡೆಗೆ ಹಿಡಿದ.

“ಯಾರಿಗೆ ಫೋನ್ ಮಾಡಾಕತ್ತಿ? ಮೊದಲ ಡಬ್ಬಿ ಇಳಸು!”

ಅವನು ಡಬ್ಬಿ ಇಳಿಸಿದ. ಅಂದು ನೂರ್ ಬೀ ಮನೆಯಲ್ಲಿ ಕುರ್ಚಿ ಹಾಕಲಿಲ್ಲ, ಚಹಾ ಬರಲಿಲ್ಲ. ಮರಿಗಳಿಗೆಲ್ಲ ಸೂಜಿ ಹಾಕಿ ಹೊರಡುವ ಹೊತ್ತಿಗೆ ಡಬ್ಬಿಯ ಮೇಲೆ ಯಾರೋ ಎರಡು ರೊಟ್ಟಿ ಕಟ್ಟಿ ಇಟ್ಟಿದ್ದರು.